ಚೀಸೆಂದರೆ ಗಿಣ್ಣಂತೆ

ನಮ್ಮೂರಿನ ಮಹಿಳಾ ಸಂಘದವರು ಈಗ ಮನೆ ಅಡುಗೆ ಕೆಲಸಕ್ಕೆ ಹೋಗುವ ಹೆಂಗಸರಿಗೆ ಮೂರು ದಿನದ ತರಬೇತಿ ಕೊಡುತ್ತಾರೆ. ಕೊನೆಯ ದಿನ ಊಟವಾದ ಮೇಲೆ, ಎಲ್ಲರಿಗೂ ತೂಕಡಿಕೆ ಬರುವ ಹೊತ್ತಿಗೆ, ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಅನುಭವ ಹೇಳಿ ಅನ್ನುತ್ತಾರೆ. ನಾನು ಮೂವತ್ತೊಂದು ವರ್ಷ ಮೊಳಕಾಲ್ಮೂರು, ಚಳ್ಳಕೆರೆಯ ಮನೆಗಳಲ್ಲಿ ಅಡುಗೆ ಮಾಡಿದವಳು. ಹೇಳುವುದಕ್ಕೆ ಬೇಕಾದಷ್ಟಿದೆ. ಆದರೆ ಬಾಯಿ ತೆರೆಯುವ ಮೊದಲೇ ಯಾರಾದರೂ ಒಬ್ಬಳು, ಚೀಸ್ ಹಾಕಿ ಬೇಕ್ ಮಾಡುವ ಮ್ಯಾಕರೋನಿ ಹೇಗೆ ಮಾಡೋದು ಅಂತ ಕೇಳುತ್ತಾಳೆ. ತಿಪ್ಪಮ್ಮನ ಮ್ಯಾಕರೋನಿ ಅಷ್ಟು ಹೆಸರುವಾಸಿ. ನಾನು ಹೇಳುತ್ತೇನೆ, ಅವರು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಾರೆ, ಚಹಾ ಬರುತ್ತದೆ, ಮುಗಿಯಿತು.

ಅದರ ಹಿಂದಿನ ಕಥೆಯನ್ನು ಅಲ್ಲಿ ಒಮ್ಮೆಯೂ ಹೇಳಿಲ್ಲ. ಕುರ್ಚಿಯಲ್ಲಿ ಕೂತು ಹೇಳುವ ಮಾತಲ್ಲ ಅದು. ಎಸ್ಸೆಸ್ಸೆಲ್ಸಿ ಪಾಸಾಗಿದ್ದೇನೆ, ಬರೆಯಲು ಬರುತ್ತದೆ, ಹಾಗಾಗಿ ಬರೆದಿಡುತ್ತಿದ್ದೇನೆ. ಈ ಕೆಲಸಕ್ಕೆ ಕಾಲಿಡುವ ಹುಡುಗಿಯರು ಓದಲಿ. ಓದಿ ನನ್ನನ್ನು ಬೈದರೂ ಬೈಯಲಿ.

ನಾನು ಮೊದಲು ಸೇರಿದ್ದು ಮೊಳಕಾಲ್ಮೂರಿನ ಒಂದು ರೇಷ್ಮೆ ಸೀರೆ ವ್ಯಾಪಾರದ ಮನೆಗೆ. ಪಡಸಾಲೆಯಲ್ಲಿ ಮೂರು ಮಗ್ಗ, ಹಿಂದೆ ಅಡುಗೆಮನೆ. ಮಗ್ಗದ ಸದ್ದು ನಿಂತರೆ ಊಟದ ಹೊತ್ತಾಯಿತು ಅಂತ ಲೆಕ್ಕ. ಆ ಮನೆಯ ಯಜಮಾನಿಯನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದರು. ಅರ್ಧ ಕನ್ನಡ, ಅರ್ಧ ತೆಲುಗು ಮಾತಾಡುತ್ತಿದ್ದರು. ದೇವರಿಗೆ ಎಡೆಯಾಗುವವರೆಗೆ ಅಡುಗೆಯವಳು ಏನನ್ನೂ ರುಚಿ ನೋಡುವಂತಿರಲಿಲ್ಲ. ಉಪ್ಪು ಹೇಗೆ ಗೊತ್ತಾಗಬೇಕು ಅಂದರೆ ಮೂಗು ತೋರಿಸುತ್ತಿದ್ದರು. ಒಂದು ವರ್ಷದಲ್ಲಿ ನನಗೆ ಹಬೆಯ ವಾಸನೆಯಲ್ಲೇ ಉಪ್ಪು, ಹುಳಿ, ಹಸಿ ಹಿಟ್ಟು ಎಲ್ಲ ತಿಳಿಯತೊಡಗಿತು. ನನ್ನ ಕೈಗುಣ ಅಂತ ಜನ ಅನ್ನುವುದು ನಿಜವಾಗಿ ಮೂಗಿನ ಗುಣ.

ಒಂದು ದಿನ ನೆಗಡಿಯಾಗಿ ಮೂಗು ಕಟ್ಟಿತ್ತು. ಮದುವೆ ಸೀರೆ ಕೊಳ್ಳಲು ಆಂಧ್ರದ ಕಡೆಯಿಂದ ಹದಿನಾಲ್ಕು ಜನ ಬಂದಿದ್ದರು. ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ದೊಡ್ಡಮ್ಮ ಮೊದಲ ತುತ್ತು ಬಾಯಿಗಿಟ್ಟು, ಮುಖ ಕೆಡಿಸದೆ ಎಲ್ಲರಿಗೂ ಮೊಸರು ಬಡಿಸಲು ಹೇಳಿದರು. ಬಂದವರೆಲ್ಲ ಹೋದ ಮೇಲೆ ನನ್ನನ್ನು ಕರೆದರು. ಬೈಗುಳಕ್ಕೆ ಸಿದ್ಧಳಾಗಿಯೇ ಹೋಗಿ ನಿಂತೆ.

"ಮೂಗು ಕಟ್ಟಿದ್ರೆ ಬಾಯಿ ಬಿಟ್ಟು ಹೇಳಬಾರ್ದಾ? ಚೆಪ್ತೇ ಏಮ್ ಪೋತುಂದಿ?" ಅಂದರು. ಹೇಳಿದರೆ ಏನು ಕಳೆದುಹೋಗುತ್ತದೆ ಅಂತ. ಅಷ್ಟೇ, ಒಳಗೆ ಹೋಗಿ ಮಲಗಿದರು. ಅವತ್ತು ಆ ಮಾತನ್ನು ಉಪ್ಪಿನ ಮಾತು ಅಂದುಕೊಂಡಿದ್ದೆ.

ಆಮೇಲೆ ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನವರ ಮನೆ. ಹನ್ನೊಂದು ವರ್ಷ ಅಲ್ಲಿದ್ದೆ. ಮಿಲ್ಲಿನಲ್ಲಿ ಶೇಂಗಾ ಎಣ್ಣೆ ಹೊಳೆಯಾಗಿ ಹರಿಯುತ್ತಿತ್ತು, ಮನೆಯಲ್ಲಿ ಎಣ್ಣೆ ಡಬ್ಬಕ್ಕೆ ಬೀಗ. ಒಗ್ಗರಣೆಗೆ ಬೇಕಾದಾಗಲೆಲ್ಲ ಯಜಮಾನಿಯನ್ನು ಪೂಜೆಯಿಂದ ಎಬ್ಬಿಸಬೇಕು. ಅಲ್ಲಿ ನಾನು ಸೌದೆಯಿಂದ ಗ್ಯಾಸಿಗೆ, ರುಬ್ಬುಗುಂಡಿನಿಂದ ಮಿಕ್ಸಿಗೆ ಬಂದೆ. ಕೆಲಸ ಹಗುರಾಯಿತು ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ರುಬ್ಬುವ ಹೊತ್ತು ಉಳಿದದ್ದೇ ತಡ, ಆ ಹೊತ್ತಿಗೆ ಬಟ್ಟೆ ಮಡಚುವ ಕೆಲಸ ಬಂತು. ಅಡುಗೆಯವಳ ಕೈ ಖಾಲಿ ಇದ್ದರೆ ಯಾವ ಮನೆಯವರಿಗೂ ಕಣ್ಣಿಗೆ ತಂಪಾಗುವುದಿಲ್ಲ.

ಕೊನೆಯದು ಮೇಡಂ ಮನೆ. ಚಳ್ಳಕೆರೆಯಲ್ಲೇ, ಪಾವಗಡ ರಸ್ತೆಯ ಹೊಸ ಬಡಾವಣೆಯಲ್ಲಿ, ಗಂಡನಿಗೆ ಸರಕಾರಿ ದೊಡ್ಡ ಕೆಲಸ. ಉತ್ತರದ ಕಡೆಯವರು. ಮೇಡಂಗೆ ಬರುತ್ತಿದ್ದ ಕನ್ನಡ ಬೇಕು, ಬೇಡ, ಸಾಕು, ಬೇಗ. ಉಳಿದದ್ದನ್ನು ಅವರು ಫೋನಿಗೆ ಹೇಳಿದರೆ ಫೋನು ಕನ್ನಡ ಅಕ್ಷರದಲ್ಲಿ ತೋರಿಸುತ್ತಿತ್ತು. ಆ ಫೋನಿನ ಕನ್ನಡವನ್ನು ಅರ್ಥ ಮಾಡಿಕೊಳ್ಳುವುದೇ ಒಂದು ವಿದ್ಯೆ. ಒಮ್ಮೆ ಎಲೆಕೋಸಿನ ತಲೆ ಕಡಿಯಿರಿ ಅಂತ ಬಂದಿತ್ತು. ಒಂದು ಕೋಸು ಹೆಚ್ಚಬೇಕು ಅಂತ ಅರ್ಥ.

ಒಂದು ದಿನ ಅವರು ಹೊರಗಿದ್ದರು. ಮಧ್ಯಾಹ್ನದ ಊಟಕ್ಕೆ ಆರು ಜನ ನೆಂಟರನ್ನು ಕರೆತರುತ್ತೇವೆ, ಇದನ್ನು ಮಾಡಿರಿ ಅಂತ ಹಿಂದಿನ ದಿನವೇ ನನ್ನ ಫೋನಿಗೆ ಕಳಿಸಿದ್ದರು. ಬೇಯಿಸಿದ ಮ್ಯಾಕರೋನಿ ಇಷ್ಟು, ಬಿಳಿ ಗೊಜ್ಜು ಇಷ್ಟು, ಒಲೆಯನ್ನು ಮೊದಲೇ ಕಾಯಿಸಿರಿ ಎಂದೆಲ್ಲ ಇತ್ತು. ಬಿಳಿ ಗೊಜ್ಜು ಅಂದರೆ ಹಾಲು ಮೈದಾದ ಸಾಸು, ಒಲೆ ಅಂದರೆ ಓವನ್ನು ಅಂತ ನನಗೆ ತಿಳಿಯಿತು. ಅದರ ಕೆಳಗೆ, "ತುರಿದ ಗಿಣ್ಣು ಎರಡು ಬಟ್ಟಲು."

ನನಗೆ ಖುಷಿಯಾಯಿತು. ಇಷ್ಟು ದಿನಕ್ಕೆ ಈ ಮನೆಯವರು ನನಗೆ ಗೊತ್ತಿರುವುದೊಂದನ್ನು ಕೇಳಿದರಲ್ಲ ಅಂತ. ಗಿಣ್ಣು ಯಾರಿಗೆ ಗೊತ್ತಿಲ್ಲ? ಹಸು ಈದ ಮೊದಲೆರಡು ಮೂರು ದಿನದ ಗಟ್ಟಿ ಹಾಲು, ಹಬೆಯಲ್ಲಿಟ್ಟರೆ ತಾನಾಗಿ ಹೆಪ್ಪಾಗುತ್ತದೆ. ನನ್ನ ಪುಣ್ಯಕ್ಕೋ ಪಾಪಕ್ಕೋ, ನಮ್ಮ ಓರಗಿತ್ತಿಯಂತಿದ್ದ ಪಕ್ಕದ ಮನೆಯ ಬೋರಕ್ಕನ ಹಸು ಕೆಂದಿ ಎರಡು ದಿನದ ಹಿಂದೆ ಈದಿತ್ತು. ಬೆಳಿಗ್ಗೆ ಅವಳೇ ಚೆಂಬಿನಲ್ಲಿ ಗಿಣ್ಣಿನ ಹಾಲು ತಂದು ಕೊಟ್ಟಿದ್ದಳು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು, ಈಗಿನವರಿಗೆ ಮರೆತುಹೋಗುತ್ತಿದೆ. ಗಿಣ್ಣಿನ ಹಾಲನ್ನು ಮಾರುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಮೊದಲು ಕರುವಿಗೆ, ಆಮೇಲೆ ದೇವರಿಗೆ, ಉಳಿದದ್ದನ್ನು ಹಸುವಿನವರು ತಾವಾಗಿ ತಮ್ಮ ಪಾತ್ರೆಯಲ್ಲಿ ತಂದು ಕೊಡುತ್ತಾರೆ. ಇಸಿದುಕೊಂಡವರು ಆ ಪಾತ್ರೆಯನ್ನು ತೊಳೆಯದೆ, ಒಂದು ಉಂಡೆ ಬೆಲ್ಲವನ್ನೋ ಹಿಡಿ ಕಾಳನ್ನೋ ಹಾಕಿ ಹಿಂದಿರುಗಿಸುತ್ತಾರೆ. ತೊಳೆದು ಖಾಲಿ ಕೊಟ್ಟರೆ ಆ ಮನೆಯ ಜೊತೆ ಕೊಡುಕೊಳ್ಳುವುದು ಮುಗಿಯಿತು ಅಂತ. ಬಾಯಿಬಿಟ್ಟು ಜಗಳವಾಡುವ ಅಗತ್ಯವೇ ಇಲ್ಲ.

ಆ ಹಾಲನ್ನು ನಾನು ಬೆಲ್ಲ ಹಾಕದೆ, ಉಪ್ಪು ಮತ್ತು ಮೆಣಸಿನ ಪುಡಿ ಹಾಕಿ ಹಬೆಯಲ್ಲಿಟ್ಟು, ತಣಿಸಿ ತುರಿದೆ. ಖಾರದ ತಿಂಡಿಗೆ ಸಿಹಿ ಹಾಕುವಷ್ಟು ದಡ್ಡಿ ನಾನಲ್ಲ. ಓವನ್ನಿನಿಂದ ತೆಗೆದಾಗ ಮೇಲೆ ಕೆಂಪಗೆ ಕೆನೆಗಟ್ಟಿತ್ತು. ಬಂದವರು ಎರಡೆರಡು ಸಲ ಹಾಕಿಸಿಕೊಂಡರು. ಮೇಡಂ ಮಾತ್ರ ಚಮಚ ಹಿಡಿದು, ಇದು ನೂಲು ಎಳೆಯುತ್ತಿಲ್ಲವಲ್ಲ, ಇದೇನು ಅಂತ ಕೇಳಿದರು. ಗಿಣ್ಣು ಅಂದೆ. ಅವರು ಫೋನು ನೋಡಿದರು, ನನ್ನ ಮುಖ ನೋಡಿದರು, ಫ್ರಿಜ್ಜಿನ ಬಾಗಿಲು ತೆರೆದು ಅಲ್ಲಿದ್ದ ಎರಡು ಹಳದಿ ಪೆಟ್ಟಿಗೆ ತೋರಿಸಿದರು. ಬೆಣ್ಣೆ ಇರಬೇಕು ಅಂತ ನಾನು ಮುಟ್ಟದೆ ಬಿಟ್ಟಿದ್ದ ಪೆಟ್ಟಿಗೆಗಳು. ಅವು ಚೀಸು. ಫೋನಿನ ಪ್ರಕಾರ ಚೀಸೆಂದರೆ ಗಿಣ್ಣಂತೆ.

ಮೇಡಂ ಬೈಯಲಿಲ್ಲ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನೆಂಟರು ನನ್ನನ್ನು ಹೊರಗೆ ಕರೆಸಿ ಚಪ್ಪಾಳೆ ತಟ್ಟಿದರು. ಹತ್ತೊಂಬತ್ತು ವರ್ಷದ ದುಡಿಮೆಯಲ್ಲಿ ಅಡುಗೆಮನೆಯ ಬಾಗಿಲು ದಾಟಿ ಚಪ್ಪಾಳೆ ತಿಂದದ್ದು ಅದೇ ಮೊದಲು. ಅದರ ರುಚಿ ಹತ್ತಿತು ಅಂತ ಈಗ ಒಪ್ಪಿಕೊಳ್ಳುತ್ತೇನೆ. ಮಿಕ್ಕಿದ್ದನ್ನು ಬೋರಕ್ಕನ ಚೆಂಬಿನಲ್ಲಿ, ಬೆಲ್ಲದ ಬದಲು, ತುಂಬಿಕೊಂಡು ಹೋಗಿ ಕೊಟ್ಟೆ. ಅವಳು ಒಂದು ಕೊಳವೆಯನ್ನು ಎತ್ತಿ ಹಿಡಿದು ಅದರೊಳಗಿಂದ ನನ್ನನ್ನು ನೋಡಿ, "ಇದ್ಕೆ ತೂತು ಕೊರೆಯೋರು ಯಾರೆ? ಪುರುಸೊತ್ತು ಭಾಳ ಐತೆ ಅವ್ರಿಗೆ" ಅಂದಳು. ಇಬ್ಬರೂ ಜಗಲಿಯ ಮೇಲೆ ಕೂತು ತಿಂದೆವು.

ಆಮೇಲೆ ಮೇಡಂ ನನಗೆ ಸರಿಯಾದ ವಿಧಾನ ಕಲಿಸಿದರು. ಕೇಳುವ ಹುಡುಗಿಯರಿಗಾಗಿ ಬರೆಯುತ್ತೇನೆ. ಮ್ಯಾಕರೋನಿಯನ್ನು ಪೊಟ್ಟಣದ ಮೇಲೆ ಹೇಳಿದ್ದಕ್ಕಿಂತ ಎರಡು ನಿಮಿಷ ಮೊದಲೇ ಬಸಿಯಿರಿ, ಓವನ್ನಿನಲ್ಲಿ ಅದು ಇನ್ನೊಮ್ಮೆ ಬೇಯುತ್ತದೆ. ಬೆಣ್ಣೆ, ಮೈದಾ ಸಮಸಮ ಹಾಕಿ ಸಣ್ಣ ಉರಿಯಲ್ಲಿ ಹುರಿಯಿರಿ. ಹಸಿ ವಾಸನೆ ಹೋಗಿ ಬೇಕರಿಯ ಮುಂದೆ ನಡೆದ ಹಾಗೆ ವಾಸನೆ ಬರಬೇಕು, ಬಣ್ಣ ಮಾತ್ರ ತಿರುಗಬಾರದು. ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ತಿರುವಿರಿ, ಮಜ್ಜಿಗೆಹುಳಿಯ ಹದಕ್ಕೆ ನಿಲ್ಲಿಸಿ. ಗಟ್ಟಿಯಾದರೆ ಓವನ್ನಿನಲ್ಲಿ ಒಣಗಿ ಗಾರೆಯಾಗುತ್ತದೆ. ಕೆಳಗಿಳಿಸಿದ ಮೇಲೆ ಚೀಸು ಹಾಕಿ, ಕುದಿಯುವಾಗ ಹಾಕಿದರೆ ಒಡೆದು ಎಣ್ಣೆ ಬಿಡುತ್ತದೆ. ಮ್ಯಾಕರೋನಿ ಬೆರೆಸಿ, ಮೇಲೆ ಪೇಟೆಯ ಬೇಕರಿಯ ರಸ್ಕನ್ನು ಪುಡಿಮಾಡಿ ಬೆಣ್ಣೆಯಲ್ಲಿ ಕಲಸಿ ಉದುರಿಸಿ ಓವನ್ನಿನಲ್ಲಿಡಿ. ತೆಗೆದ ಮೇಲೆ ಹತ್ತು ನಿಮಿಷ ಮುಟ್ಟಬೇಡಿ. ಬಿಸಿಯಲ್ಲಿ ಬಗೆದರೆ ಎಲ್ಲ ನೀರುನೀರು. ತಾಳಿದವನು ಬಾಳಿಯಾನು ಅನ್ನುವುದು ಮ್ಯಾಕರೋನಿಗೂ ಸಲ್ಲುತ್ತದೆ.

ಇದನ್ನೇ ಮಾಡಿಕೊಂಡಿದ್ದರೆ ಎಲ್ಲ ಚೆನ್ನಾಗಿರುತ್ತಿತ್ತು. ಆದರೆ ಬಂದವರೆಲ್ಲ ಆ ಮೊದಲ ದಿನದ್ದನ್ನೇ ಕೇಳುತ್ತಿದ್ದರು. ಮೇಡಂ ಅದನ್ನು ತಾವೇ ಕಂಡುಹಿಡಿದದ್ದು ಅಂತ ಹೇಳಿಕೊಳ್ಳತೊಡಗಿದರು. ನಾನು ಒಳಗೆ ಪಾತ್ರೆ ಇಡುತ್ತ ಕೇಳಿಸಿಕೊಳ್ಳುತ್ತಿದ್ದೆ. ತಪ್ಪು ನನ್ನದಾಗಿತ್ತು, ಅದರ ಹೆಸರು ಅವರದಾಯಿತು. ಹೊಟ್ಟೆ ಉರಿಯುತ್ತಿತ್ತು. ಇನ್ನೊಂದು ಸಲ ಮಾಡಿ, ಇದು ನನ್ನ ಕೈಯದು ಅಂತ ತೋರಿಸಬೇಕು ಅನ್ನುವ ಹಟ ಹುಟ್ಟಿತು.

ಎರಡು ವರ್ಷದ ಮೇಲೆ ಮೇಡಂ ಗಂಡನ ಮೇಲಧಿಕಾರಿ ಊಟಕ್ಕೆ ಬರುವುದು ಗೊತ್ತಾಯಿತು. ಮೇಡಂ ಫೋನಿಗೆ ಏನೋ ಹೇಳಿ ತೋರಿಸಿದರು. "ಆ ಗಿಣ್ಣು ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಚಿಂತೆಯಿಲ್ಲ." ಹುಡುಗಿಯರೇ, ಇದನ್ನು ನೆನಪಿಡಿ. ಸಿಗದಿದ್ದರೆ ಚಿಂತೆಯಿಲ್ಲ ಅಂತಲೇ ಇತ್ತು. ಆ ಫೋನು ಅದೊಂದು ಸಲ ಶುದ್ಧವಾದ ಕನ್ನಡ ಬರೆದಿತ್ತು.

ಕೆಂದಿ ತುಂಬಿದ ಬಸುರಿಯಾಗಿತ್ತು. ಮೊದಲೆಲ್ಲ ವರವು ಕಾವಲಿನ ಹುಲ್ಲುಗಾವಲಿನಲ್ಲಿ ಮೇಯುತ್ತಿದ್ದ ಹಸು, ಸರಕಾರ ಅದರ ಸುತ್ತ ಗೋಡೆ ಹಾಕಿಸಿದ ಮೇಲೆ ಕಟ್ಟಿದಲ್ಲೇ ಒಣಮೇವು ತಿಂದು ಸೊರಗಿತ್ತು. ಬೋರಕ್ಕನಿಗೆ ಅದೊಂದೇ ಹಸು. ಈ ಸಲ ಹೆಣ್ಣುಗರು ಹಾಕಿದರೆ ಕೆಂದಿಯ ನಂತರ ಕೊಟ್ಟಿಗೆ ಬರಿದಾಗುವುದಿಲ್ಲ ಅಂತ ಅವಳು ದಿನಾ ಅನ್ನುತ್ತಿದ್ದಳು. ಅಧಿಕಾರಿ ಬರುವ ದಿನವೇ ಬೆಳಗಿನ ಜಾವ ಕೆಂದಿ ಈದಿತು. ಹೆಣ್ಣುಗರು. ಸುದ್ದಿ ಕೇಳಿದ ತಕ್ಷಣ ನಾನು ಮಾಡಿದ ಕೆಲಸ ಏನು ಗೊತ್ತೇ? ಗೋಡೆಯ ಗೂಡಿನಿಂದ ನನ್ನ ಸ್ಟೀಲ್ ಡಬ್ಬಿ ತೆಗೆದುಕೊಂಡೆ. ಎರಡು ಲೀಟರ್ ಹಿಡಿಯುವ, ಮುಚ್ಚಳದ ಡಬ್ಬಿ.

ಬೋರಕ್ಕ ಕರುವಿನ ಮೈ ಒರೆಸುತ್ತಿದ್ದಳು. ಅದಿನ್ನೂ ನಾಲ್ಕು ಕಾಲಿನ ಮೇಲೆ ನಿಲ್ಲಲು ಕಲಿಯುತ್ತಿತ್ತು. ಮೊದಲ ಹಾಲು ಬೇಕು ಅಂದೆ.

"ಕರು ಇನ್ನಾ ಬಾಯಿ ಹಾಕಿಲ್ಲ ಕಣೆ. ನಾಳಿಕ್ಕೆ ನಾನೇ ತಂದು ಕೊಡ್ತೀನಿ" ಅಂದಳು.

"ನಾಳೆ ಆಗಲ್ಲ. ಇವತ್ತು ತರದಿದ್ರೆ ಕೆಲ್ಸಕ್ಕೆ ಬರಬ್ಯಾಡ ಅಂದವ್ರೆ" ಅಂದೆ.

ಯಾರೂ ಅಂದಿರಲಿಲ್ಲ. ಆ ಸುಳ್ಳು ನಾಲಿಗೆಯ ಮೇಲೆ ತಾನಾಗಿ ಬಂತು, ಒಗ್ಗರಣೆಗೆ ಸಾಸಿವೆ ಹಾಕಿದಷ್ಟು ಸಲೀಸಾಗಿ. ಬೋರಕ್ಕ ನನ್ನ ಕೈಯಲ್ಲಿದ್ದ ಡಬ್ಬಿಯ ಕಡೆ ನೋಡಿದಳು. ಆಮೇಲೆ ಕರುವನ್ನು ಎತ್ತಿ ಆಚೆ ಕಂಬಕ್ಕೆ ಕಟ್ಟಿ ಬಂದು ಕೂತು ಹಾಲು ಕರೆದಳು. ಕೆಂದಿಗೆ ಹಾಲು ಕಡಿಮೆ. ಡಬ್ಬಿ ಮುಕ್ಕಾಲು ತುಂಬುವಷ್ಟರಲ್ಲಿ ಕೆಚ್ಚಲು ಬರಿದಾಯಿತು. ಕರು ಕಟ್ಟಿದಲ್ಲೇ ಕೂಗುತ್ತಿತ್ತು. ನಾನು ಬಸ್ಸು ತಪ್ಪುತ್ತದೆ ಅಂತ ಓಡಿದೆ.

ಅವತ್ತು ಮಾಡಿದಷ್ಟು ಚೆನ್ನಾಗಿ ಆ ತಿಂಡಿಯನ್ನು ನಾನು ಹಿಂದೆ ಮಾಡಿರಲಿಲ್ಲ, ಮುಂದೆಯೂ ಮಾಡಲಿಲ್ಲ. ಮೊದಲ ದಿನದ ಹಾಲು, ಹಳದಿಗೆ ತಿರುಗುವಷ್ಟು ಗಟ್ಟಿ. ಓವನ್ನಿನ ಗಾಜಿನೊಳಗೆ ಅದು ಉಬ್ಬಿ ಕೆಂಪಾಗುವುದನ್ನು ನಿಂತು ನೋಡಿದೆ. ಸೆರಗು ಸರಿಮಾಡಿಕೊಂಡು, ಊಟದ ಕೋಣೆಯಿಂದ ಕರೆ ಬರುವುದಕ್ಕೆ ಕಾದೆ.

ಅಧಿಕಾರಿಗಳು ಬಂದರು. ವಯಸ್ಸಾದವರು, ಸಾಧು ಮನುಷ್ಯ. ಮೇಜಿನ ಮೇಲಿದ್ದದ್ದನ್ನೆಲ್ಲ ನೋಡಿ, ಹೊಟ್ಟೆ ಸರಿಯಿಲ್ಲ, ಮೊಸರನ್ನ ಇದೆಯೇ ಅಂತ ಕೇಳಿದರು. ನಾನೇ ಅನ್ನ ಕಲಸಿ ಕೊಟ್ಟೆ. ಅವರು ತಿನ್ನದ ಮೇಲೆ ಮೇಡಂ, ಗಂಡ ಕೂಡ ಮರ್ಯಾದೆಗೆ ಮೊಸರನ್ನವನ್ನೇ ತಿಂದರು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ಕೆಸರು ನನ್ನ ಕೈಗೆ, ಮೊಸರು ಅವರ ಬಾಯಿಗೆ. ಮ್ಯಾಕರೋನಿಗೆ ಯಾರೂ ಚಮಚ ಹಾಕಲಿಲ್ಲ. ಸಂಜೆ ಮೇಡಂ, ಬೇಕಾದರೆ ತೆಗೆದುಕೊಂಡು ಹೋಗು ಅಂತ ಕೈಸನ್ನೆ ಮಾಡಿದರು. ಗಿಣ್ಣು ಎಲ್ಲಿಂದ ತಂದೆ ಅಂತ ಕೇಳಲೂ ಇಲ್ಲ.

ಅದೇ ಡಬ್ಬಿಗೆ ತುಂಬಿಕೊಂಡು ಊರಿಗೆ ಬಂದೆ. ಸೀದಾ ಬೋರಕ್ಕನ ಮನೆಗೆ ಹೋಗಿ ಕೊಟ್ಟೆ. ಊಟ ಹೇಗಾಯಿತು ಅಂತ ಕೇಳಿದಳು. ಎಲ್ಲರೂ ಬಾಯಿ ಚಪ್ಪರಿಸಿ ತಿಂದರು ಅಂದೆ. ಒಂದು ಸುಳ್ಳಿಗೆ ಇನ್ನೊಂದು ಜೊತೆ ಬೇಕಲ್ಲ. ಕರು ಮಲಗಿತ್ತು. ಕುಡಿಯಲು ಬಿಟ್ಟರೆ ಮೂತಿ ತಿರುಗಿಸುತ್ತದೆ, ಕೆಚ್ಚಲಲ್ಲೂ ಏನಿಲ್ಲ ಅಂದಳು.

ಮೂರನೆಯ ದಿನ ಕರುವಿಗೆ ಭೇದಿ ಹತ್ತಿತು. ಚಳ್ಳಕೆರೆಯಿಂದ ದನದ ಡಾಕ್ಟರನ್ನು ಕರೆಸಿದರು. ಹುಟ್ಟಿದ ಕೂಡಲೇ ಗಿಣ್ಣಿನ ಹಾಲು ಕುಡಿಸಿದ್ದಿರಾ ಅಂತ ಡಾಕ್ಟರು ಕೇಳಿದಾಗ ನಾನು ಬೋರಕ್ಕನ ಪಕ್ಕದಲ್ಲೇ ನಿಂತಿದ್ದೆ. ಕರುವಿಗೆ ರೋಗ ತಡೆಯುವ ಶಕ್ತಿ ಬರುವುದೇ ಆ ಹಾಲಿನಿಂದ, ಅದೂ ಮೊದಲ ಕೆಲವು ತಾಸಿನೊಳಗೆ ಅಂತ ಅವರು ಹೇಳುತ್ತಿದ್ದರು. ಬೋರಕ್ಕ ನೆಲ ನೋಡುತ್ತ, ಕುಡಿಸಿದ್ದು ಸಾಲಲಿಲ್ಲವೇನೋ ಅಂದಳು. ನನ್ನ ಕಡೆ ತಿರುಗಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಹೇಳಿದರೆ ಏನು ಕಳೆದುಹೋಗುತ್ತಿತ್ತು? ಐದನೆಯ ದಿನ ಕರು ಸತ್ತಿತು.

ಮರುದಿನ ಡಬ್ಬಿ ಬಂತು. ನಾನಿಲ್ಲದಾಗ ನನ್ನ ಜಗಲಿಯ ಮೇಲೆ ಇಟ್ಟು ಹೋಗಿದ್ದಳು. ಮುಚ್ಚಳ ತೆಗೆದೆ. ಬೂದಿ ಹಾಕಿ ಉಜ್ಜಿ, ತೊಳೆದು, ಒರೆಸಿದ್ದಳು. ಖಾಲಿ.

ಅಲ್ಲಿಂದ ಮುಂದೆ ಹತ್ತು ವರ್ಷ ನಾವು ಪಕ್ಕಪಕ್ಕದ ಮನೆಯಲ್ಲಿದ್ದೇವೆ. ಅವಳು ಬೈದಿಲ್ಲ, ಬೀದಿಯಲ್ಲಿ ಯಾರ ಹತ್ತಿರವೂ ಆಡಿಕೊಂಡಿಲ್ಲ. ನಲ್ಲಿಯ ಹತ್ತಿರ ಸಿಕ್ಕರೆ ನೀರು ಬಂತಾ, ಬಸ್ಸು ಹೋಯಿತಾ ಅನ್ನುವಷ್ಟು ಮಾತು. ಕೆಂದಿ ಮತ್ತೆ ಗಬ್ಬ ಕಟ್ಟಲಿಲ್ಲ, ಮುದಿಯಾಗಿ ಸತ್ತಿತು. ಕೊಟ್ಟಿಗೆಯಲ್ಲಿ ಈಗ ಸೌದೆ ಒಟ್ಟಿದ್ದಾಳೆ. ಮೇಡಂ ಗಂಡನಿಗೆ ವರ್ಗವಾಗಿ ಹೋದರು. ಹೋಗುವಾಗ ನನಗೆ ಆ ಓವನ್ನನ್ನು ಕೊಟ್ಟುಹೋದರು. ಒಳ್ಳೆಯವರೇ. ಅವರನ್ನು ಬೈಯಲು ನನಗೆ ಕಾರಣ ಸಿಕ್ಕಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಈ ಕೆಲಸದಲ್ಲಿ ಕೆಟ್ಟ ಯಜಮಾನರು ಸಿಗುತ್ತಾರೆ, ಅವರ ಬಗ್ಗೆ ತರಬೇತಿಯಲ್ಲಿ ಹೇಳಿಕೊಡುತ್ತಾರೆ. ನಾನು ಹೇಳುವುದು ಬೇರೆ. ಇನ್ನೊಬ್ಬರ ಮನೆಯ ಚಪ್ಪಾಳೆಗೆ ನಮ್ಮ ಬೀದಿಯನ್ನು ಅಡವಿಡುವ ಬುದ್ಧಿ ಅಡುಗೆಯವಳಿಗೆ ಯಾವಾಗ ಬರುತ್ತದೆ ಅಂತ ಹೇಳಲಾಗದು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವುದನ್ನು ನನ್ನನ್ನು ನೋಡಿಯೇ ಮಾಡಿದ ಹಾಗಿದೆ.

ಕೆಲಸ ಬಿಟ್ಟ ಮೇಲೆ, ಹೋದ ತಿಂಗಳು, ಮೊಮ್ಮಕ್ಕಳು ಬಂದಿದ್ದರು ಅಂತ ಮನೆಯಲ್ಲೇ ಆ ಓವನ್ನಿನಲ್ಲಿ ಮ್ಯಾಕರೋನಿ ಮಾಡಿದೆ. ಪೇಟೆಯಿಂದ ತಂದ ಚೀಸು ಹಾಕಿ, ಮೇಲೆ ರಸ್ಕಿನ ಪುಡಿ ಉದುರಿಸಿ. ಅದೇ ಸ್ಟೀಲ್ ಡಬ್ಬಿಗೆ ತುಂಬಿಕೊಂಡು ಬೋರಕ್ಕನ ಬಾಗಿಲಿಗೆ ಹೋದೆ. ಅವಳು ಒಲೆಯ ಮುಂದೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ನಿಂತೇ ಹೇಳಿದೆ. ಅವತ್ತು ನನ್ನನ್ನು ಯಾರೂ ಕೆಲಸದಿಂದ ಬಿಡಿಸುತ್ತೇವೆ ಅಂದಿರಲಿಲ್ಲ, ಸಿಗದಿದ್ದರೂ ಚಿಂತೆಯಿಲ್ಲ ಅಂದಿದ್ದರು, ಆ ತಿಂಡಿಯನ್ನು ಒಬ್ಬರೂ ಮುಟ್ಟಲಿಲ್ಲ ಅಂತ. ಹತ್ತು ವರ್ಷ ಹೊತ್ತ ಮಾತು, ಹೇಳಲು ಎರಡು ನಿಮಿಷ ಹಿಡಿಯಲಿಲ್ಲ.

ಬೋರಕ್ಕ ಜರಡಿ ನಿಲ್ಲಿಸಲಿಲ್ಲ. "ಗೊತ್ತಿತ್ತು ಬಿಡು. ಕೆಲ್ಸ ಹೋಗ್ತೈತೆ ಅಂತ ಹೆದರ್ಕಂಡು ಬರೋಳು ಬರಿಗೈಯಾಗೆ ಓಡಿ ಬರ್ತಾಳೆ. ನೀನು ಡಬ್ಬಿ ಹಿಡ್ಕಂಡು ಬಂದಿದ್ದೆ" ಅಂದಳು.

ಗೊತ್ತಿದ್ದೂ ಯಾಕೆ ಕೊಟ್ಟೆ ಅಂತ ಕೇಳಿದೆ.

"ಯಾವತ್ತೂ ಏನೂ ಕೇಳದೋಳು ನೀನು ಕೇಳ್ದೆ. ಇಲ್ಲ ಅನ್ನಾಕೆ ಬರ್ಲಿಲ್ಲ ನಂಗೆ."

ಎದ್ದು ಬಂದು ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡಳು. ತಿಂಡಿಯನ್ನು ಒಂದು ತಟ್ಟೆಗೆ ಸುರಿದುಕೊಂಡಳು. ಒಳ್ಳೆಯದಾಯಿತು, ತೆಗೆದುಕೊಂಡಳು ಅಂತ ನನ್ನ ಜೀವ ಒಂದಿಷ್ಟು ಹಗುರಾಯಿತು. ಬೆಲ್ಲದ ಗಡಿಗೆ ಅವಳ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲೇ ಇತ್ತು. ನಾನು ಅದನ್ನೇ ನೋಡುತ್ತ ನಿಂತೆ. ಬೋರಕ್ಕ ಬಚ್ಚಲಿಗೆ ಹೋಗಿ ಡಬ್ಬಿಯನ್ನು ಉಜ್ಜಿ ತೊಳೆದಳು, ಸೆರಗಿನಲ್ಲಿ ಒಳಗೂ ಹೊರಗೂ ಒರೆಸಿದಳು, ಮುಚ್ಚಳ ಹಾಕಿ ನನ್ನ ಕೈಗೆ ಕೊಟ್ಟಳು.